ಗದ್ದೆ ತುಂಬಿದ ಮೇಲೂ ಕಡಿಯದ ವೈಫೈ: ಟ್ಯಾಬ್ ಹಿಡಿದು ಮಿಕ್ಸಿಂಗ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಂಜೆ ನಾಲ್ಕು ಗಂಟೆಗೆ, ರಾತ್ರಿ ಯಕ್ಷಗಾನ ಆಟ ನಡೆಯಬೇಕಿದ್ದ ಗದ್ದೆ ಖಾಲಿ ಇತ್ತು. ರಂಗಸ್ಥಳದ ಪಕ್ಕದಲ್ಲಿ ಮಿಕ್ಸರ್ ಇಟ್ಟು, ಟ್ಯಾಬ್ ಹಿಡಿದುಕೊಂಡು ಕೊನೆಯ ಬದುವಿನ ತನಕ ನಡೆದು ನೋಡಿದೆ. ಪರದೆಯ ಮೇಲಿನ ಫೇಡರ್ (ಧ್ವನಿಯ ಮಟ್ಟ ಬದಲಿಸುವ ಜಾರುಗುಂಡಿ) ಎಳೆದ ಕೂಡಲೇ ಧ್ವನಿ ಏರುತ್ತಿತ್ತು, ಇಳಿಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಅದೇ ಬದುವಿನ ಬಳಿ ನಿಂತು ಭಾಗವತರ ಮೈಕನ್ನು ತುಸು ಏರಿಸಲು ಹೋದಾಗ ಪರದೆಯ ಮೇಲೆ ಫೇಡರ್ ಮೇಲೇರಿತು, ಧ್ವನಿ ಏರಲಿಲ್ಲ. ಸಾಲದೇನೋ ಎಂದುಕೊಂಡು ಇನ್ನಷ್ಟು ಎಳೆದೆ. ಕೆಲವು ಕ್ಷಣಗಳ ನಂತರ ಸಂಪರ್ಕ ಮರಳಿತು. ನನ್ನ ಬೆರಳು ಅಷ್ಟು ಹೊತ್ತಿಗೆ ಎಲ್ಲಿತ್ತೋ ಆ ಮಟ್ಟಕ್ಕೆ ಧ್ವನಿ ಒಮ್ಮೆಗೇ ಜಿಗಿದು ಮೈಕ್ ಕೂಗಿಕೊಂಡಿತು. ಏರುಪದದ ನಡುವೆ ಭಾಗವತರು ಒಮ್ಮೆ ನನ್ನ ಕಡೆ ತಿರುಗಿ ನೋಡಿದರು.

ಆ ದಿನ ನಾನು ನಂಬಿದ್ದದ್ದು ಮಿಕ್ಸರಿನ ಒಳಗೇ ಇದ್ದ ವೈಫೈಯನ್ನು. ನಾಲ್ಕು ಗಂಟೆಗೂ ಹನ್ನೊಂದು ಗಂಟೆಗೂ ನಡುವೆ ಸಾಮಾನು ಬದಲಾಗಿರಲಿಲ್ಲ, ಜಾಗ ಬದಲಾಗಿರಲಿಲ್ಲ. ಜನ ಬಂದಿದ್ದರು, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಮೊಬೈಲ್ ಇತ್ತು. ಖಾಲಿ ಗದ್ದೆಯಲ್ಲಿ ಮಾಡಿದ ಪರೀಕ್ಷೆ ತುಂಬಿದ ಗದ್ದೆಗೆ ಸಾಲದು. ಹಾಗಾಗಿ ಕೆಳಗಿನ ಪ್ರತಿಯೊಂದು ಹಂತವನ್ನೂ ಜನ ಬಂದು ಕುಳಿತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯಿಂದಲೇ ನೋಡಿದ್ದೇನೆ. ಉದಾಹರಣೆಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಬೆಹ್ರಿಂಗರ್ ಎಕ್ಸ್32 ಮತ್ತು ಎಕ್ಸ್‌ಆರ್18 ಮಿಕ್ಸರ್‌ಗಳನ್ನು ಇಟ್ಟುಕೊಂಡಿದ್ದೇನೆ. ಮೈಡಾಸ್, ಸೌಂಡ್‌ಕ್ರಾಫ್ಟ್, ಅಲೆನ್ ಅಂಡ್ ಹೀತ್, ಯಮಹಾ ಮಿಕ್ಸರ್‌ಗಳಲ್ಲಿ ಮೆನುವಿನ ಹೆಸರುಗಳು ಬೇರೆಯಿರಬಹುದು, ಕೆಲಸ ಒಂದೇ.

ಗಾಳಿಯಲ್ಲಿ ಹೋಗುವುದು ಧ್ವನಿಯಲ್ಲ

ಮೊದಲು ಸಮಾಧಾನದ ಮಾತು. ಟ್ಯಾಬ್‌ನಿಂದ ಮಿಕ್ಸಿಂಗ್ ಮಾಡುವಾಗ ವೈಫೈ ಕಡಿದರೆ ಧ್ವನಿ ನಿಲ್ಲುವುದಿಲ್ಲ. ಮೈಕ್, ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವೂ ತಂತಿಯಲ್ಲಿಯೇ ಇವೆ. ಕೊನೆಯದಾಗಿ ನೀವು ಇಟ್ಟ ಮಟ್ಟದಲ್ಲಿಯೇ ಆಟ ಸಾಗುತ್ತದೆ. ಕೈತಪ್ಪುವುದು ಹತೋಟಿ ಮಾತ್ರ. ಇದು ಮನಸ್ಸಿನಲ್ಲಿದ್ದರೆ ಕಡಿದ ಕ್ಷಣದಲ್ಲಿ ಗಾಬರಿಯಿಂದ ಮಿಕ್ಸರನ್ನೇ ಆರಿಸಿ ಮತ್ತೆ ಹಾಕುವಂಥ ತಪ್ಪು ಆಗುವುದಿಲ್ಲ.

ಗಾಳಿಯಲ್ಲಿ ಹೋಗುವುದು ‘ಮೂರನೇ ಚಾನೆಲಿನ ಫೇಡರ್ ಇಷ್ಟಕ್ಕೆ’ ಎಂಬಂಥ ಪುಟ್ಟ ಪುಟ್ಟ ಸಂದೇಶಗಳು, ಜೊತೆಗೆ ಮಿಕ್ಸರಿನಿಂದ ಮರಳಿ ಬರುವ ಮೀಟರ್ ಮಾಹಿತಿ. ಒಂದು ಚಲನಚಿತ್ರ ನೋಡಲು ಬೇಕಾಗುವ ಡೇಟಾಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದ್ದರಿಂದ ರೂಟರ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ವೇಗದ ಅಂಕಿ ನಮ್ಮ ಕೆಲಸಕ್ಕೆ ಬಾರದು. ನಮಗೆ ಬೇಕಾದದ್ದು ಕಡಿಯದೆ ಇರುವ ಸಣ್ಣ ದಾರಿ.

ಈ ಸಂದೇಶಗಳನ್ನು ಎಕ್ಸ್32 ಮತ್ತು ಎಕ್ಸ್‌ಆರ್ ಸರಣಿಯ ಮಿಕ್ಸರ್‌ಗಳು ಯುಡಿಪಿ ಎಂಬ ಪದ್ಧತಿಯಲ್ಲಿ ಕಳಿಸುತ್ತವೆ. ಇದು ರಿಜಿಸ್ಟರ್ಡ್ ಅಂಚೆಯಂತಲ್ಲ, ಸಾದಾ ಅಂಚೆ ಕಾರ್ಡಿನಂತೆ: ಡಬ್ಬಿಗೆ ಹಾಕಿದ ಮೇಲೆ ತಲುಪಿತೇ ಇಲ್ಲವೇ ಎಂದು ಯಾರೂ ಹೇಳುವುದಿಲ್ಲ. ಎಕ್ಸ್32ರ ಜೊತೆ ಮಾತಾಡುವ ಆ್ಯಪ್ ಹತ್ತು ಸೆಕೆಂಡಿಗೊಮ್ಮೆಯಾದರೂ ‘ನಾನು ಇಲ್ಲಿದ್ದೇನೆ, ಬದಲಾವಣೆಗಳನ್ನು ತಿಳಿಸುತ್ತಿರು’ ಎಂದು ಮಿಕ್ಸರಿಗೆ ನೆನಪಿಸಬೇಕು. ಆ ನೆನಪೋಲೆ ತಲುಪದಿದ್ದರೆ ಮಿಕ್ಸರ್ ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತದೆ. ಆಗ ಪರದೆಯ ಮೇಲೆ ಕಾಣುವುದು ಹಳೆಯ ಚಿತ್ರ. ಮೀಟರುಗಳು ಅಲ್ಲಾಡದೆ ನಿಂತಿವೆ ಎಂದರೆ ಫೇಡರ್ ಮುಟ್ಟಬೇಡಿ. ನನ್ನ ಕಥೆಯ ಆ ರಾತ್ರಿ ನಾನು ಮೀಟರ್ ನೋಡಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ವೈಫೈ ಉಪಕರಣಗಳು ಮಾತಾಡುವ ಮೊದಲು ಕಿವಿಗೊಟ್ಟು, ಬೇರೆ ಯಾರೂ ಮಾತಾಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತವೆ. ಸಂದೇಶ ತಲುಪದಿದ್ದರೆ ಕೆಲವು ಬಾರಿ ಮತ್ತೆ ಪ್ರಯತ್ನಿಸುತ್ತವೆ. ನೂರಾರು ಮೊಬೈಲ್‌ಗಳು ಯಾವ ಜಾಲಕ್ಕೂ ಸೇರದಿದ್ದರೂ ತಮಗೆ ಪರಿಚಿತ ವೈಫೈ ಇದೆಯೇ ಎಂದು ಆಗಾಗ ಕೂಗಿ ಕೇಳುತ್ತಿರುತ್ತವೆ. ಹಾಗಾಗಿ ನಮ್ಮ ಸಂದೇಶಕ್ಕೆ ಸರದಿ ಸಿಗುವುದು ತಡವಾಗುತ್ತದೆ. ತೊಂದರೆ ಮೊದಲು ವಿಳಂಬದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಕಡಿತವಾಗುತ್ತದೆ. ಬೆರಳಿಗೂ ಧ್ವನಿಗೂ ನಡುವೆ ಸಣ್ಣ ಅಂತರ ಕಂಡರೂ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ.

ಮೊದಲು ಕೊಳ್ಳಬೇಕಾದದ್ದು

ಮಿಕ್ಸರಿಗೆಂದೇ ಪ್ರತ್ಯೇಕ ರೂಟರ್ ಬೇಕು. ಎಕ್ಸ್32ರಲ್ಲಿ ಒಳಗಿನ ವೈಫೈ ಇಲ್ಲವೇ ಇಲ್ಲ, ಈಥರ್ನೆಟ್ ಪೋರ್ಟ್ ಮಾತ್ರ ಇದೆ. ಎಕ್ಸ್‌ಆರ್18ರಲ್ಲಿ ಇದೆ, ಆದರೆ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ, ಅದೂ ನಾಲ್ಕು ಸಾಧನಗಳಿಗೆ. ಅಭ್ಯಾಸದ ಕೋಣೆಯಲ್ಲಿ ಅದು ಸಾಕು. ಸಭಿಕರ ಮುಂದೆ ಸಾಲದು.

2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ, ಹೊರಗೆ ಚಾಚಿದ ಆಂಟೆನಾ ಇರುವ ಸಾಧಾರಣ ರೂಟರ್ ಎರಡು-ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಮದುವೆ ಹಾಲ್, ಶಾಲೆಯ ವಾರ್ಷಿಕೋತ್ಸವ, ಊರ ಬಯಲಾಟಕ್ಕೆ ಅದು ಸಾಕು. ಸಾಧ್ಯವಾದರೆ ಒಂದೇ ಮಾದರಿಯ ಎರಡು ರೂಟರ್ ತೆಗೆದುಕೊಳ್ಳಿ; ಕಾರಣ ಮುಂದೆ ಹೇಳುತ್ತೇನೆ. ರಥಬೀದಿಯಂಥ ದೊಡ್ಡ ಬಯಲಿನಲ್ಲಿ ಪದೇ ಪದೇ ಕೆಲಸವಿದ್ದರೆ ಕಂಬಕ್ಕೆ ಕಟ್ಟುವ ಹೊರಾಂಗಣ ಆ್ಯಕ್ಸೆಸ್ ಪಾಯಿಂಟ್ ಒಳ್ಳೆಯದು. ಅದಕ್ಕೆ ಕರೆಂಟು ಈಥರ್ನೆಟ್ ಕೇಬಲಿನಲ್ಲಿಯೇ ಹೋಗುತ್ತದೆ. ಇಂಥ ಕೆಲವು ಸಾಧನಗಳ ಅಡಾಪ್ಟರ್ ಆ ಕಡೆ ಏನಿದೆ ಎಂದು ಕೇಳದೆಯೇ 24 ವೋಲ್ಟ್ ಕಳಿಸಿಬಿಡುತ್ತದೆ. ಕರೆಂಟು ಬರುವ ಆ ಪೋರ್ಟಿಗೆ ತಪ್ಪಿಯೂ ಮಿಕ್ಸರನ್ನು ಜೋಡಿಸಬೇಡಿ, ಮಿಕ್ಸರಿನ ಪೋರ್ಟ್ ಸುಡಬಹುದು. ನಾನು ಆ ಪೋರ್ಟಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಮೊಬೈಲಿನ ಹಾಟ್‌ಸ್ಪಾಟ್ ಬೇಡ. ಕರೆ ಬಂದರೂ, ಬ್ಯಾಟರಿ ಇಳಿದರೂ ಅದು ತನಗೆ ತೋಚಿದಂತೆ ನಡೆಯುತ್ತದೆ. ವೈಫೈ ರಿಪೀಟರ್ ಕೂಡ ಬೇಡ. ಒಂದೇ ಮಾತನ್ನು ಗಾಳಿಯಲ್ಲಿ ಎರಡು ಸಲ ಹೇಳಿಸುವ ಸಾಧನ ಅದು. ಗಾಳಿ ಮೊದಲೇ ಕಿಕ್ಕಿರಿದಿರುವ ಕಡೆ ಅದು ಹೊರೆಯನ್ನು ಹೆಚ್ಚಿಸುತ್ತದೆ. ದೂರ ಹೆಚ್ಚಿದ್ದರೆ ಕೇಬಲ್ ಎಳೆಯಿರಿ. ಒಳ್ಳೆಯ ತಾಮ್ರದ ಕ್ಯಾಟ್6 ಕೇಬಲ್ ನೂರು ಮೀಟರಿನವರೆಗೆ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಅಗ್ಗಕ್ಕೆ ಸಿಗುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲನ್ನು ಸುತ್ತಿ ಬಿಚ್ಚಿ ಮಾಡಿದರೆ ಕೆಲವೇ ಕಾರ್ಯಕ್ರಮಗಳಲ್ಲಿ ಒಳಗೆ ತುಂಡಾಗುತ್ತದೆ.

ರೂಟರಿಗೆಂದು ಸಣ್ಣ ಡಿಸಿ ಯುಪಿಎಸ್ ಕೊಳ್ಳಿ. ವೋಲ್ಟೇಜ್ 9 ಅಥವಾ 12, ರೂಟರಿನ ಅಡಿಯಲ್ಲಿ ಬರೆದಿರುತ್ತದೆ, ಅದಕ್ಕೆ ಹೊಂದಬೇಕು. ಮೆಸ್ಕಾಂ ಕರೆಂಟು ಹೋಗಿ ಜನರೇಟರ್ ಹೊತ್ತಿಕೊಳ್ಳುವ ಅರ್ಧ ನಿಮಿಷದಲ್ಲಿ ರೂಟರ್ ಆರಿದರೆ, ಅದು ಮತ್ತೆ ಎದ್ದು ಟ್ಯಾಬನ್ನು ಸೇರಿಸಿಕೊಳ್ಳಲು ಒಂದೆರಡು ನಿಮಿಷ ಹಿಡಿಯುತ್ತದೆ. ಆಟದ ರಂಗದಲ್ಲಿ ಎರಡು ನಿಮಿಷ ಬಹಳ ದೊಡ್ಡದು. ಮಿಕ್ಸರಿಗೂ ಬೇರೆ ಯುಪಿಎಸ್ ಇರಲೇಬೇಕು, ಇಲ್ಲದಿದ್ದರೆ ರೂಟರ್ ಉಳಿದೂ ಪ್ರಯೋಜನವಿಲ್ಲ.

ವಿಳಾಸಗಳನ್ನು ಮನೆಯಲ್ಲಿಯೇ ಹೊಂದಿಸಿ

ಗದ್ದೆಗೆ ಹೋದ ಮೇಲೆ ಈ ಕೆಲಸ ಮಾಡಬಾರದು. ಮನೆಯ ಮೇಜಿನ ಮೇಲೆ ರೂಟರ್, ಮಿಕ್ಸರ್, ಟ್ಯಾಬ್ ಮೂರನ್ನೂ ಇಟ್ಟುಕೊಂಡು ಕುಳಿತುಕೊಳ್ಳಿ.

ರೂಟರಿನ ವಿಳಾಸವನ್ನು 192.168.10.1 ಎಂದು ಬದಲಾಯಿಸಿ. ಬಹಳಷ್ಟು ರೂಟರ್‌ಗಳು 192.168.0.1 ಅಥವಾ 192.168.1.1 ಎಂದೇ ಕಾರ್ಖಾನೆಯಿಂದ ಬರುತ್ತವೆ. ನಿಮ್ಮ ಲ್ಯಾಪ್‌ಟಾಪ್ ಒಂದು ಕಡೆ ಹಾಲಿನ ವೈಫೈಗೂ ಇನ್ನೊಂದು ಕಡೆ ನಿಮ್ಮ ಕೇಬಲಿಗೂ ಸೇರಿಕೊಂಡರೆ, ಎರಡೂ ಕಡೆ ಒಂದೇ ಶ್ರೇಣಿಯ ವಿಳಾಸವಿದ್ದಾಗ ಯಾವ ದಾರಿಯಲ್ಲಿ ಹೋಗಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಶ್ರೇಣಿ ಬೇರೆಯಿದ್ದರೆ ಆ ಗೊಂದಲವೇ ಇಲ್ಲ.

ರೂಟರ್ ತಾನಾಗಿ ಹಂಚುವ ವಿಳಾಸಗಳನ್ನು 192.168.10.100ರಿಂದ 150ರವರೆಗೆ ಎಂದು ಮಿತಿಗೊಳಿಸಿ. ಮಿಕ್ಸರಿಗೆ ಆ ಮಿತಿಯ ಹೊರಗಿನ ಸ್ಥಿರ ವಿಳಾಸ ಕೊಡಿ, ನಾನು 192.168.10.20 ಕೊಡುತ್ತೇನೆ. ಎಕ್ಸ್32ರಲ್ಲಿ ಸೆಟಪ್ ಗುಂಡಿ ಒತ್ತಿ ನೆಟ್‌ವರ್ಕ್ ಪುಟಕ್ಕೆ ಹೋದರೆ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಮೂರೂ ಸಿಗುತ್ತವೆ. ಮಾಸ್ಕ್ 255.255.255.0, ಗೇಟ್‌ವೇ ರೂಟರಿನ ವಿಳಾಸ. ಎಕ್ಸ್‌ಆರ್18ರಲ್ಲಿ ಮೂರು ಸ್ಥಾನಗಳ ಸ್ವಿಚ್ಚನ್ನು ಈಥರ್ನೆಟ್ ಕಡೆಗೆ ತಳ್ಳಿ, ಆ್ಯಪ್‌ನ ನೆಟ್‌ವರ್ಕ್ ಪುಟದಲ್ಲಿ ಸ್ಥಿರ ವಿಳಾಸ ಆರಿಸಿ. ಸ್ಥಿರ ವಿಳಾಸದ ಲಾಭ ಇಷ್ಟು: ಆ್ಯಪ್ ಮಿಕ್ಸರನ್ನು ತಾನಾಗಿ ಹುಡುಕಲು ಸೋತರೂ ನೀವು ಅಂಕಿ ಬರೆದು ನೇರವಾಗಿ ಸೇರಬಹುದು. ಈ ಅಂಕಿಯನ್ನು ಮಿಕ್ಸರಿನ ಮೇಲೆ, ರೂಟರಿನ ಮೇಲೆ, ಟ್ಯಾಬಿನ ಹಿಂದೆ ಚೀಟಿ ಬರೆದು ಅಂಟಿಸಿ.

ಈಗ ಕೇಬಲ್. ಇಲ್ಲಿ ಎರಡು ತಪ್ಪುಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಕ್ಸ್32ರ ಹಿಂಭಾಗದಲ್ಲಿ ಒಂದೇ ತೆರನಾಗಿ ಕಾಣುವ ಹಲವು ಪೋರ್ಟ್‌ಗಳಿವೆ: ಸ್ಟೇಜ್ ಬಾಕ್ಸ್ ಜೋಡಿಸುವ ಎಇಎಸ್50 ಎರಡು, ವೈಯಕ್ತಿಕ ಮಾನಿಟರ್‌ಗಳ ಅಲ್ಟ್ರಾನೆಟ್ ಒಂದು, ನಿಯಂತ್ರಣದ ಈಥರ್ನೆಟ್ ಒಂದು. ಪ್ಲಗ್ ಎಲ್ಲದಕ್ಕೂ ಹೊಂದುತ್ತದೆ, ಆದರೆ ರೂಟರಿನ ಕೇಬಲ್ ಹೋಗಬೇಕಾದದ್ದು ಈಥರ್ನೆಟ್ ಎಂದು ಬರೆದ ಕಡೆ ಮಾತ್ರ. ಎರಡನೆಯದು ರೂಟರಿನ ಕಡೆಯದು. ಬೇರೆ ಬಣ್ಣದ ಒಂಟಿ ಪೋರ್ಟ್ ಇಂಟರ್ನೆಟ್ ಬರಲೆಂದು ಇರುವುದು. ಅದಕ್ಕೆ ಮಿಕ್ಸರನ್ನು ಚುಚ್ಚಿದರೆ ಟ್ಯಾಬಿಗೆ ಮಿಕ್ಸರ್ ಕಾಣುವುದೇ ಇಲ್ಲ. ಆ ತೂತಿಗೆ ಟೇಪ್ ಅಂಟಿಸಿ ಮುಚ್ಚಿಬಿಡಿ. ನಮ್ಮ ಜಾಲಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಬರಲೂ ಬಾರದು.

ರೂಟರಿನ ವೈಫೈ ಹೊಂದಿಸುವುದು

ಕೆಲಸದ ಹೆಚ್ಚಿನ ಭಾಗ ಇಲ್ಲಿದೆ.

2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಕೊಡಿ. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಟ್ಯಾಬನ್ನು ಅತ್ತಿಂದಿತ್ತ ದಾಟಿಸುವ ‘ಸ್ಮಾರ್ಟ್ ಕನೆಕ್ಟ್’ ಎಂಬ ಆಯ್ಕೆ ಹಲವು ರೂಟರ್‌ಗಳಲ್ಲಿ ಇರುತ್ತದೆ, ಅದನ್ನು ಆಫ್ ಮಾಡಿ. ದಾಟುವ ಕ್ಷಣವೇ ಕಡಿಯುವ ಕ್ಷಣ. ಟ್ಯಾಬ್ ಎಲ್ಲಿ ಇರಬೇಕೆಂದು ನೀವು ನಿರ್ಧರಿಸಬೇಕು.

ಮೊದಲ ಆಯ್ಕೆ ಯಾವಾಗಲೂ 5 ಗಿಗಾಹರ್ಟ್ಸ್. ವೈಫೈಯ ಚಾನೆಲ್ ಎಂದರೆ ತರಂಗಗಳು ಸಾಗುವ ಓಣಿ, ಮಿಕ್ಸರಿನ ಚಾನೆಲ್ ಅಲ್ಲ. 2.4ರಲ್ಲಿ ಒಂದನ್ನೊಂದು ತುಳಿಯದ ಚಾನೆಲ್‌ಗಳು ಮೂರೇ: 1, 6, 11. ಅವುಗಳನ್ನು ಸಭಿಕರ ಮೊಬೈಲ್‌ಗಳು, ಬ್ಲೂಟೂತ್, ವಿಡಿಯೊದವರ ಪುಟ್ಟ ಕಾಲರ್ ಮೈಕುಗಳು, ಅಕ್ಕಪಕ್ಕದ ಮನೆಗಳ ರೂಟರ್‌ಗಳು ಎಲ್ಲ ಹಂಚಿಕೊಂಡಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ವಿಶಾಲ. 2018ರ ಅಕ್ಟೋಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ 5150ರಿಂದ 5350 ಹಾಗೂ 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ವೈಫೈಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ರೂಟರಿನಲ್ಲಿ ದೇಶ ಭಾರತ ಎಂದು ಆಯ್ಕೆಯಾಗಿದೆಯೇ ನೋಡಿಕೊಳ್ಳಿ. ಇಲ್ಲಿಗೆ ಸಲ್ಲುವ ಚಾನೆಲ್‌ಗಳು ಅದರಿಂದಲೇ ತೆರೆದುಕೊಳ್ಳುತ್ತವೆ.

ಆದರೆ ಎಲ್ಲ ಚಾನೆಲ್‌ಗಳೂ ನಮಗೆ ಸಲ್ಲುವುದಿಲ್ಲ. 52ರಿಂದ 144ರವರೆಗಿನವು ಹವಾಮಾನ ಮತ್ತು ರಕ್ಷಣಾ ರೇಡಾರ್‌ಗಳ ಜೊತೆ ಹಂಚಿಕೊಂಡಿರುವ ಚಾನೆಲ್‌ಗಳು. ಅಲ್ಲಿ ಕೆಲಸ ಶುರುಮಾಡುವ ಮೊದಲು ರೂಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸಬೇಕು. ನಡುವೆ ರೇಡಾರ್ ಕೇಳಿಸಿದರೆ, ಕೇಳಿಸಿತೆಂಬ ಭ್ರಮೆಯಾದರೂ ಸರಿ, ತಕ್ಷಣ ಜಾಗ ಖಾಲಿ ಮಾಡಬೇಕು. ಆಟದ ನಡುವೆ ಹಾಗಾದರೆ ಏನು ಗತಿ? ಆದ್ದರಿಂದ 36, 40, 44, 48 ಅಥವಾ 149ರಿಂದ 165ರವರೆಗಿನ ಚಾನೆಲ್‌ಗಳಲ್ಲಿ ಒಂದನ್ನು ನೀವೇ ಆರಿಸಿ ಸ್ಥಿರಗೊಳಿಸಿ. ‘ಆಟೊ’ ಎಂದು ಬಿಡಬೇಡಿ.

ಇವೆರಡರಲ್ಲಿ ಯಾವುದು? ಮದುವೆಯಲ್ಲಿ ಡ್ರೋನ್ ಹಾರಿಸುವವರಿದ್ದರೆ ಕೇಳಿ ನೋಡಿ. ಬಳಕೆಯಲ್ಲಿರುವ ಹೆಚ್ಚಿನ ಡ್ರೋನ್‌ಗಳು 2.4 ಅಥವಾ 5.8 ಗಿಗಾಹರ್ಟ್ಸ್ ಬಳಸುತ್ತವೆ, 5.8 ಎಂದರೆ 149ರಿಂದ ಮೇಲಿನ ಚಾನೆಲ್‌ಗಳೇ. ಅಂಥ ಕಡೆ 36ರಿಂದ 48ರೊಳಗೆ ಇರಿ. ಕ್ಯಾಮೆರಾದಿಂದ ಎಲ್‌ಇಡಿ ಪರದೆಗೆ ತಂತಿಯಿಲ್ಲದೆ ಚಿತ್ರ ಕಳಿಸುವ ಸಾಧನಗಳಲ್ಲಿ ಹಲವು ಇದೇ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ನೇರಪ್ರಸಾರದವರ ಬಳಿ ಹೋಗಿ ‘ಅಣ್ಣಾ, ನಿಮ್ಮದು ಯಾವ ಚಾನೆಲ್?’ ಎಂದು ಮೊದಲೇ ಕೇಳಿ ಹಂಚಿಕೊಂಡರೆ ಇಬ್ಬರಿಗೂ ಒಳ್ಳೆಯದು. ನಾನು ಕೇಳಿದಾಗ ಯಾರೂ ಬೇಸರಿಸಿದ್ದಿಲ್ಲ.

ಚಾನೆಲಿನ ಅಗಲ 20 ಮೆಗಾಹರ್ಟ್ಸ್ ಇರಲಿ, 5ರಲ್ಲೂ. ಕಾರ್ಖಾನೆಯಿಂದ ಹೆಚ್ಚಾಗಿ 80 ಎಂದು ಬಂದಿರುತ್ತದೆ. ಅಗಲ ಹೆಚ್ಚಿದಷ್ಟೂ ವೇಗ ಹೆಚ್ಚು, ನಿಜ. ಆದರೆ ಅಷ್ಟೂ ಅಗಲದ ಗದ್ದಲವೂ ಒಳಗೆ ಬರುತ್ತದೆ. ನಮ್ಮ ಪುಟ್ಟ ಸಂದೇಶಗಳಿಗೆ 20 ಧಾರಾಳವಾಯಿತು.

ಭದ್ರತೆ ಡಬ್ಲ್ಯುಪಿಎ2, ಗುಪ್ತಪದ ಉದ್ದವಾಗಿರಲಿ, ಸಂಘಟಕರಿಗೆ ಕೊಡಬೇಡಿ. ಸಮಿತಿಯ ಒಬ್ಬರಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಹತ್ತು ಮೊಬೈಲ್‌ಗಳು ಒಳಗಿರುತ್ತವೆ. ಜಾಲದ ಹೆಸರಿನಲ್ಲಿ ವೈಫೈ, ಫ್ರೀ, ಸೌಂಡ್ ಎಂಬ ಪದಗಳು ಬೇಡ. ಯಾರಿಗೂ ಕುತೂಹಲ ಹುಟ್ಟಿಸದ ಹೆಸರಿಡಿ. ಗುಪ್ತಪದ ಬರೆಯದೆ ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ಆಯ್ಕೆಯನ್ನು ಆಫ್ ಮಾಡಿ. ಅತಿಥಿ ಜಾಲವನ್ನೂ ಆಫ್ ಮಾಡಿ. ‘ಎಪಿ ಐಸೊಲೇಷನ್’ ಎಂಬ ಆಯ್ಕೆ ಆನ್ ಆಗಿದ್ದರೆ ಸಾಧನಗಳು ಒಂದನ್ನೊಂದು ನೋಡಲಾರವು, ಅದೂ ಆರಿರಲಿ.

ಕೊನೆಯದಾಗಿ, ಬಯಲಾಟದವರಿಗೆ ವಿಶೇಷವಾದದ್ದು. ಕೆಲವು ರೂಟರ್‌ಗಳಲ್ಲಿ ರಾತ್ರಿ ಯಾರೂ ಬಳಸದ ಹೊತ್ತಿನಲ್ಲಿ ತಾನಾಗಿ ಮರುಪ್ರಾರಂಭವಾಗುವ, ಹೊಸ ತಂತ್ರಾಂಶ ಹಾಕಿಕೊಳ್ಳುವ, ಚಾನೆಲ್ ಮರುಹೊಂದಿಸಿಕೊಳ್ಳುವ ಆಯ್ಕೆಗಳಿವೆ. ಆ ‘ಯಾರೂ ಬಳಸದ ಹೊತ್ತು’ ಸಾಮಾನ್ಯವಾಗಿ ಬೆಳಗಿನ ಜಾವ ಮೂರರ ಸುಮಾರು. ಇಡೀ ರಾತ್ರಿಯ ಆಟದಲ್ಲಿ ಆಗ ಮೂರನೆಯ ಪ್ರಸಂಗ ಕಾವೇರುತ್ತಿರಬಹುದು. ಮೂರು ಆಯ್ಕೆಗಳನ್ನೂ ಹುಡುಕಿ ಆಫ್ ಮಾಡಿ.

ಎಲ್ಲ ಮುಗಿದ ಮೇಲೆ ಈ ಹೊಂದಾಣಿಕೆಯ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿ, ಎರಡನೆಯ ರೂಟರಿಗೂ ಅದನ್ನೇ ತುಂಬಿ. ಅದೇ ಹೆಸರು, ಅದೇ ಗುಪ್ತಪದ, ಅದೇ ವಿಳಾಸ. ಮೊದಲನೆಯದು ಕೆಟ್ಟರೆ ಕೇಬಲ್ ಬದಲಾಯಿಸಿದರೆ ಸಾಕು, ಟ್ಯಾಬಿಗೆ ವ್ಯತ್ಯಾಸವೇ ತಿಳಿಯದು. ಎರಡನ್ನೂ ಒಟ್ಟಿಗೆ ಮಾತ್ರ ಹಚ್ಚಬೇಡಿ.

ಟ್ಯಾಬನ್ನು ಪಳಗಿಸುವುದು

ರೂಟರ್ ಸರಿಯಿದ್ದರೂ ಟ್ಯಾಬ್ ಕೈಕೊಡುವುದುಂಟು, ಏಕೆಂದರೆ ಅದನ್ನು ಇಂಟರ್ನೆಟ್ ನೋಡಲೆಂದು ಮಾಡಿದ್ದಾರೆ. ನಮ್ಮ ಜಾಲದಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡುಕೊಂಡ ಆಂಡ್ರಾಯ್ಡ್ ಮೆಲ್ಲನೆ ಮೊಬೈಲ್ ಡೇಟಾಕ್ಕೆ ಅಥವಾ ಬೇರೆ ವೈಫೈಗೆ ಜಾರುತ್ತದೆ. ಮೊದಲ ಸಲ ಸೇರಿದಾಗ ಕೇಳುವ ಪ್ರಶ್ನೆಗೆ ‘ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲಿಯೇ ಇರು’ ಎಂದು ಉತ್ತರಿಸಿ, ತಾನಾಗಿ ಮೊಬೈಲ್ ಡೇಟಾಕ್ಕೆ ಬದಲಾಗುವ ಆಯ್ಕೆಯನ್ನು ತೆಗೆಯಿರಿ. ಸಿಮ್ ಇಲ್ಲದ ಟ್ಯಾಬ್ ಆದರೆ ಇನ್ನೂ ಒಳ್ಳೆಯದು. ನೆನಪಿನಲ್ಲಿರುವ ಬೇರೆಲ್ಲ ಜಾಲಗಳನ್ನು ಮರೆಸಿಬಿಡಿ.

ಐಪ್ಯಾಡ್‌ನಲ್ಲಿ ಐಒಎಸ್ 14ರಿಂದ ಈಚೆಗೆ ಪ್ರತಿ ಆ್ಯಪ್‌ಗೂ ಸ್ಥಳೀಯ ಜಾಲವನ್ನು ನೋಡಲು ಅನುಮತಿ ಬೇಕು. ಅದನ್ನು ಒಮ್ಮೆ ನಿರಾಕರಿಸಿದ್ದರೆ ವೈಫೈ ಪೂರ್ತಿ ಇದ್ದರೂ ಮಿಕ್ಸರ್ ಕಾಣಿಸದು. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಎಂಬಲ್ಲಿ ನಿಮ್ಮ ಮಿಕ್ಸಿಂಗ್ ಆ್ಯಪ್‌ನ ಗುಂಡಿ ಹಸಿರಾಗಿರಬೇಕು.

ಪರದೆ ತಾನಾಗಿ ಆರುವುದನ್ನು ನಿಲ್ಲಿಸಿ, ಕರೆ-ಸಂದೇಶಗಳನ್ನು ತಡೆಹಿಡಿಯಿರಿ, ಬ್ಲೂಟೂತ್ ಆಫ್ ಮಾಡಿ. ಬಿಸಿಲಿನಲ್ಲಿ ಐಪ್ಯಾಡ್ ಇಟ್ಟರೆ ಕಾದು ತಾನೇ ಆರುತ್ತದೆ. ಹಗಲು ಕಾರ್ಯಕ್ರಮಕ್ಕೆ ನೆರಳಿನ ಏರ್ಪಾಡು ಬೇಕು.

ಜಾಗದಲ್ಲಿ ಆಂಟೆನಾ ಇಡುವುದು

ಅರ್ಧ ಯಶಸ್ಸು ಎತ್ತರದಲ್ಲಿದೆ. ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರು. ಆ ನೀರು ವೈಫೈ ತರಂಗವನ್ನು ಹೀರಿಕೊಳ್ಳುತ್ತದೆ. ಮಿಕ್ಸರಿನ ರ‍್ಯಾಕಿನೊಳಗೆ, ಸಬ್‌ವೂಫರಿನ ಮೇಲೆ, ಕುರ್ಚಿಯ ಮಟ್ಟದಲ್ಲಿ ರೂಟರ್ ಇಟ್ಟರೆ ನಿಮಗೂ ಅದಕ್ಕೂ ನಡುವೆ ಐನೂರು ಜನರ ಗೋಡೆ ಇರುತ್ತದೆ. ಸ್ಪೀಕರ್ ಸ್ಟ್ಯಾಂಡ್ ಒಂದನ್ನು ತೆಗೆದುಕೊಂಡು, ಅದರ ತುದಿಗೆ ರೂಟರನ್ನು ಕಟ್ಟಿ, ಎರಡೂವರೆ ಮೂರು ಮೀಟರ್ ಎತ್ತರಕ್ಕೆ ಏರಿಸಿ. ಕುಳಿತವರ ತಲೆಗಳ ಮೇಲಿಂದ ಟ್ಯಾಬಿನವರೆಗೆ ನೇರ ನೋಟ ಸಿಗಬೇಕು. ಕಬ್ಬಿಣದ ಪೈಪು, ತಗಡಿನ ಮಾಡು, ಎಲ್‌ಇಡಿ ಪರದೆಯ ಹಿಂಬದಿ ಇವುಗಳಿಂದ ಒಂದು ಮಾರಾದರೂ ದೂರವಿರಲಿ. ಆಂಟೆನಾಗಳು ನೆಟ್ಟಗೆ ನಿಂತಿರಲಿ; ಕಡ್ಡಿಯ ಸುತ್ತಲೂ ಅಡ್ಡಕ್ಕೆ ತರಂಗ ಹರಡುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ಆಂಟೆನಾದ ತುದಿಯನ್ನು ನಿಮ್ಮ ಕಡೆಗೆ ಗುರಿಯಿಟ್ಟರೆ ಸಿಗ್ನಲ್ ಕುಗ್ಗುತ್ತದೆ.

ಮಿಕ್ಸರ್ ರಂಗಸ್ಥಳದ ಪಕ್ಕದಲ್ಲಿದ್ದರೂ ರೂಟರ್ ಅಲ್ಲಿಯೇ ಇರಬೇಕೆಂದಿಲ್ಲ. ಬೇಲಿಯ ಬದಿಯಿಂದ ಕೇಬಲ್ ಎಳೆದು ನೀವು ಹೆಚ್ಚು ಹೊತ್ತು ನಿಲ್ಲುವ ಜಾಗದ ಹತ್ತಿರ ರೂಟರ್ ಏರಿಸಿ. ತೆರೆದ ಬಯಲಿನಲ್ಲಿ ದೂರ ಅರ್ಧವಾದರೆ ಸಿಗ್ನಲ್ ಆರು ಡೆಸಿಬೆಲ್ (ಡಿಬಿ) ಏರುತ್ತದೆ. ಯಾವ ದುಬಾರಿ ರೂಟರೂ ಇಷ್ಟು ಸುಲಭವಾಗಿ ಆರು ಡಿಬಿ ಕೊಡುವುದಿಲ್ಲ. ಚೌಕಿಗೆ ಹೋಗಿಬರುವ ಕಲಾವಿದರ ದಾರಿಗೆ, ಚರುಮುರಿ ಗಾಡಿಯ ಚಕ್ರಕ್ಕೆ ಕೇಬಲ್ ಸಿಗದಂತೆ ನೋಡಿಕೊಳ್ಳಿ. ದಾಟಲೇಬೇಕಾದ ಕಡೆ ಮಣ್ಣಿನಲ್ಲಿ ಗೀರಿ ಹೂತುಬಿಡಿ ಅಥವಾ ಮೇಲಿನಿಂದ ಒಯ್ಯಿರಿ.

ಪರೀಕ್ಷೆ, ಎರಡು ಸಲ

ಖಾಲಿ ಗದ್ದೆಯಲ್ಲಿ ಒಮ್ಮೆ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ತೆರೆದು, ಐಪ್ಯಾಡ್ ಮಾತ್ರ ಇದ್ದರೆ ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿಯ ಸ್ಕ್ಯಾನರ್ ತೆರೆದು, ನೀವು ಓಡಾಡುವ ಎಲ್ಲ ಕಡೆ ಸಿಗ್ನಲ್ ಎಷ್ಟು ಡಿಬಿಎಂ ಇದೆ ನೋಡಿ. ಅಂಕಿ ಋಣದಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ. ಕೆಲಸಕ್ಕೆ ಮೈನಸ್ 67 ಆದರೂ ಬೇಕು. ಜನ ತುಂಬಿದ ಮೇಲೆ ಹತ್ತು ಡಿಬಿ ಕುಸಿಯಬಹುದೆಂದು ನಾನು ಲೆಕ್ಕ ಹಾಕುತ್ತೇನೆ. ಹಾಗಾಗಿ ಖಾಲಿ ಗದ್ದೆಯಲ್ಲಿ ಮೈನಸ್ 57ಕ್ಕಿಂತ ಕೆಳಗಿಳಿಯುವ ಜಾಗದಲ್ಲಿ ನಿಂತು ಮಿಕ್ಸಿಂಗ್ ಮಾಡುವುದಿಲ್ಲ, ಇಲ್ಲವೇ ರೂಟರಿನ ಜಾಗ ಬದಲಾಯಿಸುತ್ತೇನೆ.

ಎರಡನೆಯ ಪರೀಕ್ಷೆ ಜನ ಕುಳಿತ ಮೇಲೆ, ಪೂರ್ವರಂಗ ನಡೆಯುತ್ತಿರುವಾಗ. ವೈಫೈಯಲ್ಲಿರುವ ಲ್ಯಾಪ್‌ಟಾಪ್ ಅಥವಾ ಎರಡನೆಯ ಫೋನಿನಿಂದ ಮಿಕ್ಸರಿನ ವಿಳಾಸಕ್ಕೆ ಸತತವಾಗಿ ಪಿಂಗ್ ಮಾಡಿ (‘ಇದ್ದೀಯಾ?’ ಎಂದು ಕೇಳಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವುದು) ಹತ್ತು ನಿಮಿಷ ಬಿಡಿ. ಉತ್ತರಗಳು ಬಹುತೇಕ ಹತ್ತು ಮಿಲಿಸೆಕೆಂಡಿನೊಳಗೆ ಬರುತ್ತಿದ್ದು ಎಲ್ಲೋ ಒಮ್ಮೊಮ್ಮೆ ಐವತ್ತು ಮುಟ್ಟಿದರೆ ನಿಶ್ಚಿಂತೆ. ಮತ್ತೆ ಮತ್ತೆ ಇನ್ನೂರು ದಾಟುತ್ತಿದ್ದರೆ, ಉತ್ತರವೇ ಬಾರದ ಸಾಲುಗಳು ಕಂಡರೆ, ಮುಖ್ಯ ಪ್ರಸಂಗ ಶುರುವಾಗುವ ಮೊದಲೇ ಚಾನೆಲ್ ಬದಲಾಯಿಸಿ. ಆಗ ಸಂಪರ್ಕ ಅರ್ಧ ನಿಮಿಷ ಹೋಗುತ್ತದೆ. ಹೋಗಲಿ, ಈಗ ಹೋಗುವುದು ಮೇಲು.

ಆದರೂ ಕಡಿದರೆ

ಒಂದು ದಾರಿ ತಂತಿಯಲ್ಲಿಯೇ ಇರಬೇಕು. ರೂಟರಿನ ಇನ್ನೊಂದು ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್ ಜೋಡಿಸಿ, ಮಿಕ್ಸರನ್ನು ನಿಯಂತ್ರಿಸುವ ಎಕ್ಸ್32 ಎಡಿಟ್ ತಂತ್ರಾಂಶ (ಎಕ್ಸ್ಆರ್18 ಆದರೆ ಎಕ್ಸ್ ಏರ್ ಎಡಿಟ್) ತೆರೆದು ಮಿಕ್ಸರಿನ ಪಕ್ಕದಲ್ಲಿಡಿ. ಎಕ್ಸ್‌ಆರ್18ರಂಥ ಮಿಕ್ಸರಿಗೆ ಫೇಡರೂ ಇಲ್ಲ, ಪರದೆಯೂ ಇಲ್ಲ. ಅದಕ್ಕೆ ಈ ಲ್ಯಾಪ್‌ಟಾಪ್ ಬಿಟ್ಟರೆ ಬೇರೆ ಗತಿಯಿಲ್ಲ.

ಟ್ಯಾಬ್ ಸ್ಪಂದಿಸದಿದ್ದರೆ ಬೆರಳನ್ನು ಪರದೆಯಿಂದ ಎತ್ತಿ. ವೈಫೈ ಗುರುತು ಇದೆಯೇ ನೋಡಿ. ಇದ್ದರೆ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಇಲ್ಲದಿದ್ದರೆ ಕಾಯುತ್ತ ನಿಲ್ಲದೆ ಲ್ಯಾಪ್‌ಟಾಪಿನ ಕಡೆ ನಡೆಯಿರಿ, ರೂಟರಿನ ವಿಚಾರವನ್ನು ಜೊತೆಯವರಿಗೆ ಬಿಡಿ. ಮತ್ತೆ ಸೇರುವಾಗ ಎಕ್ಸ್32 ಎಡಿಟ್ ಯಾವ ಕಡೆಯಿಂದ ಯಾವ ಕಡೆಗೆ ಮಾಹಿತಿ ಹೋಗಬೇಕೆಂದು ಕೇಳುತ್ತದೆ. ಯಾವಾಗಲೂ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ. ತಿರುಗಿಸಿ ಒತ್ತಿದರೆ ಲ್ಯಾಪ್‌ಟಾಪಿನಲ್ಲಿರುವ ಖಾಲಿ ಅಥವಾ ಹಳೆಯ ಹೊಂದಾಣಿಕೆ ಮಿಕ್ಸರಿಗೆ ಇಳಿದು, ಭಾಗವತರು, ಮದ್ದಳೆ, ಚೆಂಡೆ ಎಲ್ಲದರ ಮಟ್ಟವೂ ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ವೈಫೈ ಕಡಿದುದರಿಂದ ಆಗದ ಹಾನಿ ಈ ಒಂದು ಗುಂಡಿಯಿಂದ ಆಗುತ್ತದೆ.

ವಾದ್ಯದವರು ತಮ್ಮ ಮಾನಿಟರನ್ನು ತಮ್ಮ ಮೊಬೈಲಿನಿಂದಲೇ ಸರಿಪಡಿಸಿಕೊಳ್ಳುವ ಆರ್ಕೆಸ್ಟ್ರಾ ಕೆಲಸಗಳಲ್ಲಿ ಒಂದು ಎಚ್ಚರ: ಮಿಕ್ಸರ್ ಏಕಕಾಲಕ್ಕೆ ನಿಭಾಯಿಸುವ ಸಾಧನಗಳ ಸಂಖ್ಯೆಗೆ ಮಿತಿಯಿದೆ. ಮುಖ್ಯ ಟ್ಯಾಬ್ ಮತ್ತು ಲ್ಯಾಪ್‌ಟಾಪ್ ಮೊದಲು ಸೇರಲಿ, ಉಳಿದವರು ಆಮೇಲೆ. ಡಾಂಟೆಯಂಥ ಪದ್ಧತಿಯಲ್ಲಿ ಧ್ವನಿಯನ್ನೇ ಈಥರ್ನೆಟ್‌ನಲ್ಲಿ ಒಯ್ಯುವವರು ಆ ಜಾಲವನ್ನು ಈ ವೈಫೈ ರೂಟರಿನಿಂದ ಪೂರ್ತಿ ಬೇರೆಯಾಗಿಡಿ. ಧ್ವನಿ ವೈಫೈಯಲ್ಲಿ ಹೋಗಬಾರದು, ಅದರ ದಟ್ಟಣೆ ವೈಫೈಗೆ ಸೋರಲೂಬಾರದು.

ಮಂಗಳ ಹಾಡಿದ ಮೇಲೆ ಕೇಬಲ್ ಸುತ್ತುವ ಮೊದಲು ನಾನು ಒಂದು ನೋಟ್‌ಪುಸ್ತಕದಲ್ಲಿ ಕೆಲವು ಸಾಲು ಬರೆಯುತ್ತೇನೆ: ಊರು, ಗದ್ದೆಯೋ ಹಾಲೋ, ರೂಟರ್ ಎಲ್ಲಿಟ್ಟೆ, ಯಾವ ಚಾನೆಲ್, ಜನ ತುಂಬಿದಾಗ ಪಿಂಗ್ ಎಷ್ಟಿತ್ತು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದಲ್ಲಿ ಕೇಬಲ್‌ಗಳ ತುದಿಯ ಪ್ಲಗ್‌ಗಳನ್ನು ಕತ್ತರಿಸಿ ಹೊಸದು ಕೂರಿಸುವಾಗ ಆ ಪುಸ್ತಕವನ್ನು ಮತ್ತೆ ಓದುತ್ತೇನೆ. ಮೊದಲ ಪುಟದಲ್ಲಿ ಆ ರಾತ್ರಿಯ ಊರಿನ ಹೆಸರಿದೆ. ಕಳೆದ ವರ್ಷ ಅದೇ ಗದ್ದೆಯಲ್ಲಿ ಮತ್ತೆ ಆಟವಿತ್ತು. ಚಾನೆಲ್ 44, ಕಂಬ ಬಲಬದಿಯ ತೆಂಗಿನ ಮರದ ಹತ್ತಿರ, ಪಿಂಗ್ 6.